ಬಿಳಿ ಹಚ್ಚೆ: ಚುಚ್ಚಿಸಿಕೊಳ್ಳುವ ಮುನ್ನ ತಿಳಿದಿರಲಿ

ಮಾನ್ಯ ಸಂಪಾದಕರೇ,

ಬಿಳಿ ಶಾಯಿಯ ಟ್ಯಾಟೂ ಹಾಕಿಸಿಕೊಳ್ಳುವ ಆಸೆ ಕಾಲೇಜು ಮಕ್ಕಳಲ್ಲಿ ಕಾಣುತ್ತಿದೆ. ಕಪ್ಪು ಹಚ್ಚೆಯಂತೆ ಎದ್ದು ಕಾಣದು, ಮನೆಯ ಹಿರಿಯರೂ ಆಕ್ಷೇಪಿಸರು ಎಂಬುದು ಅವರ ಲೆಕ್ಕ. ನನ್ನ ತಂಗಿಯ ಮಗಳೂ ಹೀಗೆಯೇ ಯೋಚಿಸಿ ಎರಡು ವರ್ಷದ ಹಿಂದೆ ಮುಂಗೈ ಮೇಲೆ ಮಲ್ಲಿಗೆ ಹೂವೊಂದನ್ನು ಬರೆಸಿಕೊಂಡಳು. ಅಂದು ಹಾಲಿನಂತೆ ಬೆಳ್ಳಗಿದ್ದ ಆ ಹೂವು ಇಂದು ಹಳದಿಗೆ ತಿರುಗಿ, ಕಾದ ಎಣ್ಣೆ ಸಿಡಿದು ಉಳಿದ ಕಲೆಯಂತೆ ಕಾಣುತ್ತದೆ. ಹೀಗಾಗಬಹುದೆಂದು ಚುಚ್ಚಿದವರು ಮೊದಲೇ ಹೇಳಿರಲಿಲ್ಲ.

ಇದರ ಕಾರಣ ನಮ್ಮ ಅಜ್ಜಿಯರ ಕೈಗಳಲ್ಲೇ ಇದೆ. ಊರೂರಿಗೆ ಬರುತ್ತಿದ್ದ ಕೊರವಂಜಿಯರು ಚುಚ್ಚುತ್ತಿದ್ದುದು ದೀಪದ ಮಸಿಯನ್ನು. ಮಸಿ ಕಪ್ಪು, ಆದರೂ ಹಚ್ಚೆ ಹಸಿರಾಗಿ ಕಾಣುತ್ತದೆ. ಬಣ್ಣ ನಿಲ್ಲುವುದು ಒಳಚರ್ಮದಲ್ಲಿ, ನಾವು ಅದನ್ನು ನೋಡುವುದು ಮೇಲ್ಚರ್ಮದ ಮೂಲಕ. ಬಿಳಿಗೂ ಇದೇ ನಿಯಮ. ಗಾಯ ಮಾಯ್ದು ಹೊಸ ಚರ್ಮ ಮೇಲೆ ಬಂದೊಡನೆ ಅದರೊಳಗಿನ ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು, ಬಿಳಿಯನ್ನು ಮಸುಕಾಗಿಸುತ್ತದೆ, ಬಿಸಿಲಿಗೆ ಚರ್ಮ ಕಪ್ಪಾದಷ್ಟೂ ಚಿತ್ರ ಇನ್ನಷ್ಟು ಮಾಸುತ್ತದೆ. ಗೋಧಿ ಬಣ್ಣದ, ಎಣ್ಣೆಗೆಂಪು ಬಣ್ಣದ ನಮ್ಮ ಮೈಗೆ ಇದು ಹೆಚ್ಚು ಅನ್ವಯಿಸುತ್ತದೆ. ಆದ್ದರಿಂದ ಅದೇ ದಿನ ತೆಗೆದ ಫೋಟೋಗಳನ್ನು ನಂಬದೆ, ನಮ್ಮಂಥ ಚರ್ಮದ ಮೇಲೆ ಹಾಕಿ ಒಂದು ವರ್ಷ ಕಳೆದ ಕೆಲಸವನ್ನು ತೋರಿಸುವಂತೆ ಕೇಳಬೇಕು. ಚುಚ್ಚುವ ಮೊದಲು ಚರ್ಮದ ಮೇಲೆ ಚಿತ್ರದ ಗೆರೆ ಮೂಡಿಸುವ ನೇರಳೆ ಸ್ಟೆನ್ಸಿಲ್‌ನ ಬಣ್ಣ ಸೂಜಿಯೊಂದಿಗೆ ಒಳಸೇರಿದರೂ ಬಿಳಿ ಕೆಡುತ್ತದೆ.

ಬಿಳಿ ಶಾಯಿ ಗಟ್ಟಿ. ಸಾಕಷ್ಟು ಕಾಣುವವರೆಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸೂಜಿ ಆಡಿಸುವ ಪ್ರಸಂಗ ಬರುತ್ತದೆ, ಹಾಗೆ ಮಾಡಿದರೆ ಗೆರೆ ಉಬ್ಬಿ ನಿಲ್ಲುತ್ತದೆ. ಕಿವಿ ಚುಚ್ಚಿದಲ್ಲಿ ಅಥವಾ ಹಳೆಯ ಗಾಯದಲ್ಲಿ ಕೀಲಾಯ್ಡ್ ಎಂಬ ಉಬ್ಬಿದ ಕಲೆಯ ಗಂಟು ಬೆಳೆದವರು ಇದರ ತಂಟೆಗೇ ಹೋಗಬಾರದು. ತೊನ್ನು ಅಥವಾ ಸೋರಿಯಾಸಿಸ್ ಇರುವವರಿಗೆ ಚುಚ್ಚಿದ ಜಾಗದಲ್ಲೇ ಅದು ಹೊಸದಾಗಿ ಕಾಣಿಸಿಕೊಳ್ಳಬಹುದಾದ್ದರಿಂದ ಚರ್ಮವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಬೇಡವೆನಿಸಿದರೆ ಲೇಸರ್‌ನಲ್ಲಿ ಅಳಿಸಿದರಾಯಿತು ಎಂಬ ಭರವಸೆ ಇಲ್ಲಿ ಹೆಚ್ಚು ಅಪಾಯಕಾರಿ. ಈ ಶಾಯಿಯ ಬಿಳುಪು ಸಾಮಾನ್ಯವಾಗಿ ಟೈಟಾನಿಯಂ ಡೈಆಕ್ಸೈಡ್‌ನದು. ಲೇಸರ್ ಬಿದ್ದಾಗ ಅದು ರಾಸಾಯನಿಕವಾಗಿ ಬದಲಾಗಿ ಬೂದು ಅಥವಾ ಕಪ್ಪು ನೀಲಿಗೆ ತಿರುಗಬಹುದು. ಮರೆಯಲ್ಲಿರಲೆಂದು ಹಾಕಿಸಿಕೊಂಡ ಗುರುತು ಎಲ್ಲರಿಗೂ ಕಾಣುವಂತಾದರೆ ಆ ಮಗುವಿನ ಸ್ಥಿತಿ ಏನು? ನಮ್ಮ ಹುಡುಗಿಗೆ ವೈದ್ಯರು ಈ ಮಾತು ಹೇಳಿದ ದಿನ ಅವಳು ಅತ್ತದ್ದನ್ನು ನಾನು ಮರೆತಿಲ್ಲ.

ಹೊಸ ಸೂಜಿಯನ್ನು ಕಣ್ಣೆದುರೇ ತೆರೆಯಬೇಕೆಂಬುದು, ಹಚ್ಚೆಯ ನಂತರ ಒಂದು ವರ್ಷ ರಕ್ತದಾನ ಮಾಡುವಂತಿಲ್ಲವೆಂಬುದು ಎಲ್ಲ ಹಚ್ಚೆಗೂ ಸಲ್ಲುವ ಮಾತು. ಬಿಳಿಯದೇ ಬೇಕೆನ್ನುವವರು ಮೊದಲು ಬಟ್ಟೆಯ ಮರೆಯಲ್ಲಿರುವ ಜಾಗದಲ್ಲಿ ಒಂದು ಚುಕ್ಕೆ ಇಡಿಸಿಕೊಂಡು, ಒಂದು ಬೇಸಿಗೆ ಕಳೆಯುವವರೆಗೆ ಕಾದು ನೋಡಲಿ. ಸಣ್ಣ ಅಕ್ಷರ, ನವಿರಾದ ಎಸಳುಗಳ ಬದಲು ದಪ್ಪ ಗೆರೆಯ ಸರಳ ಚಿತ್ರವನ್ನು ಆರಿಸಿಕೊಳ್ಳಲಿ.

ಹಚ್ಚೆ ಶಾಯಿಗೆ ಮಾನದಂಡ ಬೇಕೆಂಬ ಮಾತು 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವರಿಂದಲೇ ಬಂದಿತ್ತು. ಅಂಥ ನಿಯಮ ರೂಪಿಸುವಾಗ, ಬಿಳಿ ಶಾಯಿ ಹೇಗೆ ಮಾಸುತ್ತದೆ, ಲೇಸರ್‌ಗೆ ಹೇಗೆ ಕಪ್ಪಾಗುತ್ತದೆ ಎಂಬುದನ್ನು ಗಿರಾಕಿಗೆ ಕನ್ನಡದಲ್ಲಿ ಬರೆದುಕೊಟ್ಟು, ಓದಿದ ಮೇಲೆಯೇ ಸಹಿ ಪಡೆಯಬೇಕೆಂಬುದನ್ನೂ ಸೇರಿಸಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗರು, ದಾವಣಗೆರೆ