ಗೋವಾದಲ್ಲಿರುವ ದೋಸ್ತನಿಗೆ, ಅರ್ಧ ಸ್ಲ್ಯಾಬಿನ ಕತೆ

ದೋಸ್ತ,

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ರೇಂಜ್ ಹೋಗ್ತಿದೆ ಅಂದು ಇಟ್ಟುಬಿಟ್ಟೆ. ರೇಂಜ್ ಚೆನ್ನಾಗಿಯೇ ಇತ್ತು. "ಕಬ್ಬಿನವರು ಗುರ್ಲಾಪುರ ಕ್ರಾಸಿನ್ಯಾಗ ಕುಂತು ರೇಟ್ ತಗೊಂಡ್ರು, ನಮ್ಮ ಗೌಂಡಿಗಳು ಯಾಕ ಎಲ್ಲೂ ಕುಂದ್ರಂಗಿಲ್ಲ?" ಅಂದೆ ನೀನು. ಮನೆ ಕಟ್ಟುವ ಗೌಂಡಿಗಳು ನಾವೂ ಕೂತಿದ್ದೆವು. ಇದೇ ಬಾಗಲಕೋಟೆಯ ನವನಗರದಲ್ಲಿ, ಮುಕ್ಕಾಲು ಗಂಟೆ. ಅದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮಗಳು ಟೈಪ್ ಮಾಡಿಕೊಡುತ್ತಾಳೆ, ನಾಲ್ಕು ಜನ ಓದುವ ಹಾಗೆ ಹಾಕುತ್ತಾಳಂತೆ. ಹಾಕಲಿ. ನಮ್ಮವರು ಓದಿ ಬೈದರೆ ಬೈಯಲಿ.

ಮೊದಲು ಕಬ್ಬಿನ ಮಾತು. 2025ರ ನವೆಂಬರ್‌ನಲ್ಲಿ ಕಬ್ಬಿನ ರೈತರು ಬೆಳಗಾವಿ ಜಿಲ್ಲೆಯ ಆ ಕ್ರಾಸಿನಲ್ಲಿ ಕೂತು ಟನ್ನಿಗೆ 3,500 ಕೇಳಿದರು, 3,300ಕ್ಕೆ ಬಂದು ನಿಂತಿತು. ನಮ್ಮ ಮುಧೋಳದವರು ಅದಕ್ಕೂ ಒಪ್ಪದೆ ಇನ್ನಷ್ಟು ದಿನ ಎಳೆದರು. ಅವರದು ಸಣ್ಣ ಹೋರಾಟ ಅಂತ ನಾನು ಅನ್ನುತ್ತಿಲ್ಲ. ಆದರೆ ಅವರಿಗೆ ಕೂರಲಿಕ್ಕೆ ಒಂದು ಗೇಟ್ ಇದೆ. ಕಾರ್ಖಾನೆ ರಾತ್ರೋರಾತ್ರಿ ಗಂಟು ಕಟ್ಟಿಕೊಂಡು ಓಡಿಹೋಗುವುದಿಲ್ಲ. ಎಲ್ಲರ ಬಾಯಲ್ಲೂ ಒಂದೇ ಲೆಕ್ಕ, ಟನ್ನಿಗೆ ಎಷ್ಟು. ಮುಳುಗಡೆಯ ರೈತರನ್ನು ನೋಡು. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.60 ಮೀಟರಿನಿಂದ 524.256ಕ್ಕೆ ಏರಿದರೆ ಅಕ್ಕಪಕ್ಕದ ಹೊಲ ಎರಡೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಜಗಳ ಇದ್ದವರೂ ಒಂದೇ ಜಮಖಾನೆ ಮೇಲೆ ಕೂತರು. 2025ರ ಸೆಪ್ಟೆಂಬರಿನಲ್ಲಿ ಸಂಪುಟ ಸಭೆ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಅಂತ ತೀರ್ಮಾನ ಮಾಡಿತು. ದುಡ್ಡು ಕೈಗೆ ಬರುವುದು ಬೇರೆ ಮಾತು ಬಿಡು.

ಆ ಊರುಗಳನ್ನು ಎಬ್ಬಿಸಿದ ಮೇಲೆ ಇನ್ನೊಂದು ಕಡೆ ಕಟ್ಟಬೇಕಲ್ಲ. ಕಟ್ಟುವವರು ನಾವೇ. ನಮ್ಮಪ್ಪನಿಗೆ ಜೀವನ ಪೂರ್ತಿ ಅನ್ನ ಹಾಕಿದ್ದೇ ಈ ನವನಗರ. ನಕ್ಷೆ ಹಾಕಿದವರು ಚಾರ್ಲ್ಸ್ ಕೊರಿಯಾ ಅಂತ ಮಗಳು ಮೊನ್ನೆ ಹೇಳಿದಳು. ಅಪ್ಪ ಆ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಯಾವ ಸೆಕ್ಟರಿನಲ್ಲಿ ಯಾವ ಮನೆಯ ಬುನಾದಿ ಎಷ್ಟು ಅಡಿ ಇಳಿದಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದ. ಅಪ್ಪನಿಗೂ ಮಾಲಕ ಅಂತ ಒಬ್ಬ ಇರಲಿಲ್ಲ. ನಮಗೂ ಇಲ್ಲ. ಇವತ್ತು ನವನಗರ, ಮುಂದಿನ ತಿಂಗಳು ವಿದ್ಯಾಗಿರಿ, ಆಮೇಲೆ ಗದ್ದನಕೇರಿ ಕ್ರಾಸ್. ಮನೆ ಒಬ್ಬರದು, ಗುತ್ತಿಗೆ ಇನ್ನೊಬ್ಬರದು, ಗುತ್ತೇದಾರನ ಕೆಳಗೆ ಮೇಸ್ತ್ರಿ, ಮೇಸ್ತ್ರಿ ಕೈಕೆಳಗೆ ನಾವು. ಪಗಾರ ಕೇಳಿದರೆ ಪ್ರತಿಯೊಬ್ಬನೂ ಮೇಲಕ್ಕೆ ಕೈ ತೋರಿಸುತ್ತಾನೆ. ಕೊನೆಗೆ ಕೈ ತೋರಿಸುವುದು ಆಕಾಶಕ್ಕೆ.

ಇನ್ನೊಂದು ಮಾತಿದೆ, ಅದನ್ನು ನಮ್ಮವರು ಒಪ್ಪುವುದಿಲ್ಲ. ಪ್ರತಿ ಗೌಂಡಿಯ ತಲೆಯಲ್ಲೂ ಒಬ್ಬ ಮೇಸ್ತ್ರಿ ಕೂತಿರುತ್ತಾನೆ. ಇವತ್ತು ಥಾಪಿ ಹಿಡಿದವನು ನಾಳೆ ಒಂದು ಕಂಪೌಂಡ್ ಗೋಡೆಯನ್ನಾದರೂ ಗುತ್ತಿಗೆ ಹಿಡಿಯಬೇಕು ಅಂತಿರುತ್ತಾನೆ. ನಾನೂ ಹಿಡಿದಿದ್ದೇನೆ, ನೀನೂ ಹಿಡಿದಿದ್ದೀಯ. ನೆನಪಿದೆಯಾ, ಆ ಎರಡು ರೂಮಿನ ಗಿಲಾವು, ಗೋಡೆಯ ಪ್ಲಾಸ್ಟರ್ ಕೆಲಸ? ಆಗ ಹೆಣ್ಣಾಳಿನ ಕೂಲಿಯಲ್ಲಿ ನಾವೇ 20 ರೂಪಾಯಿ ಹಿಡಿದಿದ್ದೆವು. ಚಹಾದ ಖರ್ಚು ಅಂದಿದ್ದೆವು!

ಸಂಘ ಇಲ್ಲ ಅಂತಲ್ಲ. ಬೋರ್ಡ್ ಇದೆ, ಶಿಕ್ಕಾ ಇದೆ, ಗೋಡೆ ಮೇಲೆ ಬಾವುಟ ಇದೆ. ಅಲ್ಲಿಗೆ ಜನ ಹೋಗುವುದು ಕಟ್ಟಡ ಕಾರ್ಮಿಕರ ಕಾರ್ಡಿಗೆ. ತಪ್ಪೇನಿಲ್ಲ, ಕಾರ್ಡು ಬೇಕೇ ಬೇಕು. 1996ರ ಕಾಯ್ದೆಯಲ್ಲಿ ಕಟ್ಟಡದ ಖರ್ಚಿನ ಮೇಲೆ ಶೇ. 1 ಸೆಸ್, ಅಂದರೆ ಉಪಕರ, ಹಿಡಿದು ನಮ್ಮ ಕಲ್ಯಾಣ ಮಂಡಳಿಗೆ ಕೊಡಬೇಕು ಅಂತ ಆಯಿತಲ್ಲ, ಆ ದುಡ್ಡಿನಲ್ಲೇ ಮಕ್ಕಳ ಓದು, ಮದುವೆ, ಹೆರಿಗೆ, ಪಿಂಚಣಿ. 18ರಿಂದ 60ರೊಳಗಿನವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಸಾಕು. ಆದರೆ 90 ದಿನ ದುಡಿದದ್ದಕ್ಕೆ ಸಹಿ ಮಾಡುವವರು ಯಾರು? ಗುತ್ತೇದಾರ ಮಾಡುವುದಿಲ್ಲ, ಮಾಡಿದರೆ ಅವನ ಲೆಕ್ಕ ಹೊರಗೆ ಬೀಳುತ್ತದೆ. ಸಂಘ ಮಾಡಿಕೊಡುತ್ತದೆ. ಹೀಗೆ ಸಂಘ ಅಂದರೆ ಸಹಿ ಅಂತಾಯಿತು. ನಾನು ಕಂಡ ಒಂದು ಕಡೆ ಅದಕ್ಕೆ ರೇಟೂ ಇತ್ತು. ಜೀವಮಾನದಲ್ಲಿ ಉಸುಕಿನ ಬುಟ್ಟಿ ಹೊತ್ತಿರದ ಕಿರಾಣಿ ಅಂಗಡಿಯವನ ಜೇಬಿನಲ್ಲೂ ನಮ್ಮ ಕಾರ್ಡಿದೆ. ನಮ್ಮ ಜೊತೆ ಖಡಿ ಹೊರುವ ತಾಂಡಾದ ಹೆಣ್ಣುಮಕ್ಕಳಲ್ಲಿ ಅರ್ಧ ಜನಕ್ಕೆ ಇಲ್ಲ.

ಸಂಘದವರನ್ನಷ್ಟೇ ಬೈದು ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಪಗಾರ ಕೊಡಿಸಿ ಅಂತ ಅವರ ಹತ್ತಿರ ಹೋದವರು ಎಷ್ಟು ಜನ? ನಾನಂತೂ ಮೊನ್ನೆ ಮೊನ್ನೆಯವರೆಗೆ ಹೋಗಿರಲಿಲ್ಲ. ಕಾರ್ಡು ನವೀಕರಣಕ್ಕೆ ಹೋಗುತ್ತೇನೆ, ಕಿಟ್ ಕೊಡ್ತಾರಂತೆ ಅಂದಾಗ ಹೋಗುತ್ತೇನೆ. ವಂತಿಗೆ ಕೇಳಿದರೆ "ಮುಂದಿನ ಬಟವಡೆಗೆ ನೋಡೋಣ" ಅನ್ನುತ್ತೇನೆ.

ಈಗ ಕಾನೂನೂ ಬದಲಾಗಿದೆ. 2025ರ ನವೆಂಬರ್ 21ರಿಂದ 29 ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಸಂಹಿತೆ ಬಂದಿವೆ. ಮಗಳು ಕೂತು ಓದಿ ಹೇಳಿದಳು. ಮೊದಲು ಸ್ವಂತಕ್ಕೆ ಕಟ್ಟಿಸುವ ಮನೆಗೆ 10 ಲಕ್ಷದೊಳಗಿದ್ದರೆ ಸೆಸ್ ಇರಲಿಲ್ಲ. ಈಗ 50 ಲಕ್ಷದೊಳಗಿದ್ದರೂ ಇಲ್ಲ. ನಮ್ಮ ಕಡೆ ನಾವು ಕಟ್ಟುವ ಮನೆಗಳಲ್ಲಿ ಆ ಗೆರೆ ದಾಟುವವು ಎಷ್ಟಿವೆ, ನೀನೇ ಲೆಕ್ಕ ಹಾಕು. ಮಾಲಕರ ಜೊತೆ ಮಾತಾಡುವ ಹಕ್ಕು ತನ್ನೊಬ್ಬನಿಗೇ ಬೇಕು ಅಂದರೆ ಸಂಘಕ್ಕೆ ಹಾಜರಿ ಪಟ್ಟಿಯಲ್ಲಿರುವವರ ಪೈಕಿ ಶೇ. 51 ಜನರ ಬೆಂಬಲ ಬೇಕಂತೆ. ನಮ್ಮ ಹಾಜರಿ ಪಟ್ಟಿ ಎಲ್ಲಿದೆ? ಮೇಸ್ತ್ರಿಯ ಅಂಗಿ ಜೇಬಿನ ಡೈರಿಯಲ್ಲಿ. ಅದೂ ಮಳೆಗೆ ಒಮ್ಮೆ ನೆಂದು ಅಕ್ಷರ ಅಳಿಸಿಹೋದ ಡೈರಿ. ಇನ್ನು ಕೆಲಸ ನಿಲ್ಲಿಸುವುದಾದರೆ 14 ದಿನ ಮೊದಲೇ ನೋಟಿಸ್ ಕೊಡಬೇಕಂತೆ. ಅದನ್ನು ಕೇಳಿ ನನಗೆ ನಗು ಬಂತು. ಯಾಕೆ ಅಂತ ಈಗ ಹೇಳುತ್ತೇನೆ.

ಜಿ ಪ್ಲಸ್ ಟೂ ಮನೆ, ಅಂದರೆ ನೆಲಮಹಡಿ, ಅದರ ಮೇಲೆ ಎರಡು ಮಹಡಿ. ನಮ್ಮ ಮೇಸ್ತ್ರಿ ಮೂರು ವಾರದ ಬಟವಡೆ ಕೊಟ್ಟಿರಲಿಲ್ಲ. ವಾರ ವಾರ "ಸ್ಲ್ಯಾಬ್ ಬೀಳಲಿ, ಮಾಲಕರು ಬಿಲ್ ಬಿಡ್ತಾರೆ" ಅನ್ನುತ್ತಿದ್ದ. ಸಂತೆಗೆ 200, ದವಾಖಾನೆಗೆ 500, ಹೀಗೆ ಚಿಲ್ಲರೆ ಕೊಟ್ಟು ತಳ್ಳುತ್ತಿದ್ದ. ನಾವು ಐದು ಜನ ಗೌಂಡಿಗಳು, ಆರು ಜನ ಹೆಣ್ಣಾಳು. ನಮಗೆ ದಿನಕ್ಕೆ 900, ಅವರಿಗೆ 400. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದೆ, ನಮ್ಮ ಸೈಟಿಗೆ ಇನ್ನೂ ಮುಟ್ಟಿಲ್ಲ. ಮಿಕ್ಸರ್ ಬಾಡಿಗೆಯದು, ಅದರ ಜೊತೆ ಬಿಹಾರದ ಇಬ್ಬರು ಹುಡುಗರು.

ಸ್ಲ್ಯಾಬ್ ದಿನ ನಿನಗೆ ಗೊತ್ತಲ್ಲ, ಹಬ್ಬದ ಹಾಗೆ. ಬೆಳಿಗ್ಗೆ ಕಾಯಿ ಒಡೆದರು, ಮಾಲಕರ ಮನೆಯವರು ಮಧ್ಯಾಹ್ನಕ್ಕೆ ಹುಗ್ಗಿ ಮಾಡಿಸಿದ್ದರು. ಹನ್ನೊಂದರ ಹೊತ್ತಿಗೆ ಅರ್ಧ ಸ್ಲ್ಯಾಬ್ ಬಿದ್ದಿತ್ತು. ಆಗ ಮಿಕ್ಸರ್ ನಿಂತಿತು. ಕೆಟ್ಟಿತು ಅಂದುಕೊಂಡೆ. ಕೆಟ್ಟಿರಲಿಲ್ಲ. ಬಿಹಾರದ ಹುಡುಗ ಬಂದ್ ಮಾಡಿ ಕೆಳಗೆ ಕೂತಿದ್ದ. ಹಿಂದಿನ ಸ್ಲ್ಯಾಬಿನ ದುಡ್ಡು ಅವನಿಗೂ ಬರಬೇಕಿತ್ತು. ನೋಡು, ನಮ್ಮವರು ಸರ್ಕಲ್‌ನಲ್ಲಿ ನಿಂತು "ಈ ಬಿಹಾರದವರು ಬಂದು ರೇಟ್ ಕೆಡಿಸಿದರು" ಅಂತ ದಿನಾ ಗೊಣಗುತ್ತಾರೆ. ಆವತ್ತು ಮೊದಲು ಕೂತವನು ಅವನು. ಲಾಕ್‌ಡೌನಿನ 2020ರ ಮೇ ತಿಂಗಳು ನೆನಪಾಯಿತು. ನಾವಿಬ್ಬರೂ ಬೆಂಗಳೂರಿನಲ್ಲಿದ್ದೆವು. ಬಿಲ್ಡರುಗಳ ಜೊತೆ ಸರ್ಕಾರದ ಸಭೆ ಆಯಿತು, ಮರುದಿನವೇ ಕಾರ್ಮಿಕರ ರೈಲು ರದ್ದು. ಗಲಾಟೆ ಆದ ಮೇಲೆ ಎರಡು ಮೂರು ದಿನದಲ್ಲಿ ಮತ್ತೆ ಬಿಟ್ಟರು. ನಾವು ಊರಿನ ಬಸ್ ಹತ್ತಿ ಬಂದೆವು, ಬಿಹಾರದ ಕಡೆಯವರು ಪೊಲೀಸ್ ಠಾಣೆ ಮುಂದೆ ಸಾಲಿನಲ್ಲಿ ನಿಂತಿದ್ದರು. ಆಗ ನಾವು ಅವರಿಗಾಗಿ ಒಂದು ಮಾತೂ ಆಡಲಿಲ್ಲ.

ಅವನು ಕೂತದ್ದನ್ನು ನೋಡಿ ತಾಂಡಾದ ಅಕ್ಕ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ಯಾರೂ ಘೋಷಣೆ ಕೂಗಲಿಲ್ಲ. ಬಾವುಟ ಎಲ್ಲಿಂದ ಬರಬೇಕು? ಉಳಿದ ಐದು ಹೆಣ್ಣುಮಕ್ಕಳು ಕೂತರು, ಆಮೇಲೆ ನಾವು. ನಾವೇ ಕೊನೆಗೆ ಕೂತದ್ದು, ಅದನ್ನೂ ಬರೆದುಬಿಡುತ್ತೇನೆ.

ಮೇಸ್ತ್ರಿಯ ಮುಖ ನೋಡಬೇಕಿತ್ತು ನೀನು. ಬೇರೆ ದಿನವಾದರೆ "ಬಿಟ್ಟು ಹೋಗ್ರಿ, ಬೇರೆಯವರನ್ನ ಕರೀತೀನಿ" ಅನ್ನುತ್ತಿದ್ದ. ಇಟ್ಟಿಗೆ ಕೆಲಸ ನಿಂತರೆ ಗೋಡೆ ನಾಳೆಗೂ ಅಲ್ಲೇ ಇರುತ್ತದೆ, ಗಿಲಾವು ನಾಡಿದ್ದು ಮಾಡಬಹುದು. ಸ್ಲ್ಯಾಬ್ ಹಾಗಲ್ಲ. ನೀರು ಬಿದ್ದ ಸಿಮೆಂಟು ಸ್ವಲ್ಪ ಹೊತ್ತಿನಲ್ಲೇ ಬಿಗಿಯಲು ಶುರು ಮಾಡುತ್ತದೆ, ನಮ್ಮ ಬಾಗಲಕೋಟೆ ಬಿಸಿಲಿಗಂತೂ ಇನ್ನೂ ಬೇಗ. ಹಳೆಯದು ಬಿಗಿದ ಮೇಲೆ ಹೊಸದನ್ನು ಸುರಿದರೆ ಎರಡೂ ಕೂಡಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಅದೇ ಗೆರೆಯಲ್ಲಿ ಸೋರುತ್ತದೆ. ಇದು ಮಾಲಕರಿಗೂ ಗೊತ್ತು. ಅವರು ಮೇಲೆ ಬಂದು ಕಾಂಕ್ರೀಟ್ ನೋಡಿದರು, ವಾಚ್ ನೋಡಿದರು, ಮೇಸ್ತ್ರಿಯ ಕಡೆ ನೋಡಿದರು. ಇಂಥ ಹೊತ್ತಿನಲ್ಲಿ 14 ದಿನದ ನೋಟಿಸ್ ಎಲ್ಲಿಂದ ಕೊಡುವುದು ಹೇಳು. 14 ದಿನಕ್ಕೆ ಸ್ಲ್ಯಾಬಿನ ಕೆಳಗೆ ಆಸರೆ ಕೊಟ್ಟ ಸೆಂಟ್ರಿಂಗ್ ಬಿಚ್ಚುವ ಮಾತು ಬಂದಿರುತ್ತದೆ.

ಇಪ್ಪತ್ತು ವರ್ಷದಿಂದ ಸ್ಲ್ಯಾಬ್ ಹಾಕುತ್ತಿದ್ದೇನೆ. ಆ ದಿನ ನಮ್ಮ ಕೈಯಲ್ಲಿ ಇಷ್ಟು ಬಲ ಇರುತ್ತದೆ ಅಂತ ನನಗೆ ಹೊಳೆದದ್ದೇ ಆಗ. ಕಬ್ಬು ಕಡಿದ ಮೇಲೆ ಒಣಗುತ್ತದೆ ಅಂತ ರೈತನಿಗೂ ಗೊತ್ತು, ಕಾರ್ಖಾನೆಗೂ ಗೊತ್ತು, ಅದರ ಮೇಲೆಯೇ ಅವರ ಜಗ್ಗಾಟ. ನಮ್ಮ ಸಂಘದವರು ಕಾರ್ಡು ಎಣಿಸಿದರು. ಊರಲ್ಲಿ ಈ ವಾರ ಎಲ್ಲೆಲ್ಲಿ ಸ್ಲ್ಯಾಬ್ ಇದೆ ಅಂತ ಯಾರೂ ಎಣಿಸಲಿಲ್ಲ.

ಆಮೇಲೆ ಆದದ್ದು ಇದು. ಮೇಸ್ತ್ರಿ ಎಲ್ಲೆಲ್ಲಿಗೋ ಫೋನ್ ಮಾಡಿದ. ಮುಕ್ಕಾಲು ಗಂಟೆಯಲ್ಲಿ ಒಬ್ಬ ಗಾಡಿ ಮೇಲೆ ನೋಟಿನ ಕಟ್ಟು ತಂದ. ಮೊದಲು ಮಿಕ್ಸರಿನವನಿಗೆ ಕೊಟ್ಟ, ಆಮೇಲೆ ನಮಗೆ. ಐದೂ ಜನಕ್ಕೆ ಮೂರು ವಾರದ್ದು ಪೂರ್ತಿ, ಒಂದು ರೂಪಾಯಿ ಬಾಕಿ ಇಲ್ಲದೆ. ಹೆಣ್ಣಾಳುಗಳಿಗೆ ಎರಡು ವಾರದ್ದು. "ಒಂದು ವಾರದ್ದು ಸೋಮವಾರ ನೋಡೋಣ ಅಕ್ಕ, ಈಗ ಇಷ್ಟೇ ಇದೆ."

ಅಕ್ಕ ಏಳಲಿಲ್ಲ. ನಮ್ಮ ಕಡೆ ನೋಡಿದಳು.

ದೋಸ್ತ, ನಾನು ಎದ್ದೆ. ಮೊದಲು ಎದ್ದವನು ನಾನೇ. ಜೇಬಿನಲ್ಲಿ ದುಡ್ಡು ಬಿದ್ದಿತ್ತು. ಕಾಂಕ್ರೀಟ್ ಬಿಗಿಯುತ್ತಿತ್ತು, ಅದನ್ನು ನೋಡಿಕೊಂಡು ಸುಮ್ಮನೆ ಕೂರಲು ಗೌಂಡಿಯ ಕೈಗೆ ಆಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವೂ ಇರಬಹುದು. ಆದರೆ ನನ್ನದೂ ಒಂದು ವಾರದ ಬಾಕಿ ಉಳಿದಿದ್ದರೆ ಆ ಕೈ ಸುಮ್ಮನೆ ಕೂರುತ್ತಿತ್ತು, ಅಲ್ವಾ? ನಾನು ಎದ್ದ ಮೇಲೆ ಉಳಿದ ನಾಲ್ವರೂ ಎದ್ದರು. ಮಿಕ್ಸರ್ ಶುರುವಾಯಿತು. ಅಕ್ಕ ಬುಟ್ಟಿ ನೆಟ್ಟಗೆ ಮಾಡಿ, "ನಿಮ್ಮ ಸಿಮೆಂಟ್ ಗಟ್ಟಿ ಆಗ್ತೈತಿ, ಹಾಕ್ರಿ ಯಣ್ಣಾ" ಅಂದಳು. ಸಂಜೆವರೆಗೆ ಅವರೇ ಖಡಿ ಹೊತ್ತರು. ಹುಗ್ಗಿ ಊಟ ಮಾತ್ರ ಮಾಡಲಿಲ್ಲ, ತಮ್ಮ ಬುತ್ತಿ ಬಿಚ್ಚಿ ಆ ಕಡೆ ಕೂತು ರೊಟ್ಟಿ ತಿಂದರು. ನಾನು ಹುಗ್ಗಿ ಎರಡು ಸಲ ಹಾಕಿಸಿಕೊಂಡೆ ಅಂತ ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಆ ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ಅವಳೂ ಮದುವೆಗೆ ಮೊದಲು ಬುಟ್ಟಿ ಹೊತ್ತವಳು.

ಆ ಸೋಮವಾರ ಹೋಗಿ ಈಗ ಐದು ಸೋಮವಾರ ಆಯಿತು. ಆ ಒಂದು ವಾರದ ದುಡ್ಡು, ಆರು ಜನರದ್ದು ಸೇರಿ 14,400 ಆಗುತ್ತದೆ, ಇನ್ನೂ ಬಂದಿಲ್ಲ. ಕಳೆದ ಗುರುವಾರ ನಾನೇ ಸಂಘದ ಆಫೀಸಿಗೆ ಹೋಗಿ ಹೇಳಿದೆ. ಅಲ್ಲಿದ್ದ ಹುಡುಗ ಒಳ್ಳೆಯವನೇ, ಪೂರ್ತಿ ಕೇಳಿಸಿಕೊಂಡ. "ಅವರು ನಮ್ಮ ಸದಸ್ಯರಾ ಕಾಕಾ?" ಅಂದ. ಅಲ್ಲ ಅಂದೆ. "ಹಂಗಾದ್ರ ಮೊದಲ ಕಾರ್ಡ್ ಮಾಡ್ಸೋಣ" ಅಂದ. ಕಾರ್ಡಿಗೆ 90 ದಿನದ ಸಹಿ ಬೇಕು. ಆ 90 ದಿನ ಇರುವುದು ಮೇಸ್ತ್ರಿಯ ಡೈರಿಯಲ್ಲಿ. ಸಂಘದ ಸಹಿ ನೀವೇ ಹಾಕಿ ಅಂದದ್ದಕ್ಕೆ ಲೀಡರ್ ಬರಲಿ ಅಂದ. ಲೀಡರ್ ಬೆಂಗಳೂರಿಗೆ ಹೋಗಿದ್ದಾರೆ.

ಅದೇ ಮನೆಯ ಮೇಲಿನ ಸ್ಲ್ಯಾಬ್ ಬರುವ ಬುಧವಾರ. ಮೇಸ್ತ್ರಿ ಈ ಸಲ ತಾಂಡಾದ ಹೆಣ್ಣುಮಕ್ಕಳನ್ನು ಕರೆದಿಲ್ಲ, ಬೇರೆ ಊರಿನಿಂದ ತರುತ್ತಾನಂತೆ. ನಮಗೆ ಐದೂ ಜನಕ್ಕೆ ಕರೆ ಬಂದಿದೆ, ದಿನಕ್ಕೆ 950 ಅಂದಿದ್ದಾನೆ. ಉಳಿದ ನಾಲ್ವರನ್ನು ನಿನ್ನೆ ಚಹಾ ಅಂಗಡಿಯಲ್ಲಿ ಕೂರಿಸಿ ಮಾತಾಡಿದೆ. ಅಕ್ಕನ ಬಾಕಿ ಕೊಡುವ ತನಕ ಬರುವುದಿಲ್ಲ ಅನ್ನೋಣ ಅಂದೆ. ಇಬ್ಬರು ಹೂಂ ಅಂದರು. ಒಬ್ಬ ಮಗಳ ಮದುವೆ ಇದೆ ಅಂದ. ಇನ್ನೊಬ್ಬ, "ಅವತ್ತ ಮೊದಲ ಎದ್ದಾಂವ ನೀನ, ಈಗ ನಮಗ ಹೇಳಾಕ ಬಂದೀಯಾ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಚಹಾದ ದುಡ್ಡು ಕೊಟ್ಟು ಬಂದೆ.

ಮೇಸ್ತ್ರಿಗೆ ಮಂಗಳವಾರ ಸಂಜೆಯೊಳಗೆ ಹೇಳಬೇಕು. ಅಕ್ಕನಿಗೆ ಇನ್ನೂ ಏನೂ ಹೇಳಿಲ್ಲ.

ನಿನ್ನ ಕಾರ್ಡಿನ ಅವಧಿ ಮುಗಿಯುತ್ತಾ ಬಂದಿದೆ, ಆಧಾರ್ ಝೆರಾಕ್ಸು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ವಾಟ್ಸಾಪ್ ಮಾಡು. ಅಲ್ಲಿ ಗೋವಾದಲ್ಲಿ ಎಷ್ಟು ದಿನ ದುಡಿದೆ ಅಂತ ನೀನೇ ಒಂದು ವಹಿಯಲ್ಲಿ ಬರೆದಿಡು, ತಾರೀಖು ಹಾಕಿ. ನಾನೂ ಇಲ್ಲಿ ಬರೆಯಲು ಶುರು ಮಾಡಿದ್ದೇನೆ. ನನ್ನದಷ್ಟೇ ಅಲ್ಲ, ಸೈಟಿನಲ್ಲಿದ್ದ ಎಲ್ಲರದ್ದೂ.

ಇಂತಿ ನಿನ್ನ,
ಗೌಂಡಿ ದೋಸ್ತ
ನವನಗರ, ಬಾಗಲಕೋಟೆ