ನಾಮನಿರ್ದೇಶಿತ ಪ್ರತಿನಿಧಿಯಾದ ಗೆಳೆಯನಿಗೆ

ಪ್ರೀತಿಯ ಗೆಳೆಯ,

ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ನಿನ್ನ ಹೆಸರು ನಾಮನಿರ್ದೇಶನವಾಗಿದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಕೇಳಿ ತುಂಬ ಖುಷಿಯಾಯಿತು. ಮುಂದಿನ ತಿಂಗಳು ಕುಲಪತಿಗಳ ಜೊತೆ ‘ವಿದ್ಯಾರ್ಥಿ ಸಂವಾದ’ ಇದೆ, ಅಲ್ಲಿಯೂ ಎಲ್ಲರ ಪರವಾಗಿ ನೀನೇ ಮಾತನಾಡಬೇಕಂತೆ, ಏನು ಮಾತನಾಡಲಿ ಎಂದು ಕೇಳಿದೆ. ಅದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಂಥದೇ ಜಾಗದಲ್ಲಿ ಕೂತಿರುವ ಹುಡುಗ ಹುಡುಗಿಯರು ಬೇರೆ ಕಡೆಯೂ ಇದ್ದಾರೆ, ಅವರೂ ಓದಲಿ ಎಂದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲು ನಿನಗೆ ಸಿಕ್ಕಿರುವ ಕುರ್ಚಿ ಎಂಥದ್ದು ಅಂತ ನೋಡು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2023ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಈ ಸಮಿತಿಗೆ ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರು, ನಾಲ್ವರು ಹಿರಿಯ ಅಧ್ಯಾಪಕರು ಸದಸ್ಯರು. ವಿದ್ಯಾರ್ಥಿ ಒಬ್ಬನೇ, ಅವನು ಸದಸ್ಯನಲ್ಲ, ‘ವಿಶೇಷ ಆಹ್ವಾನಿತ’. ಓದು, ಕ್ರೀಡೆ ಅಥವಾ ಪಠ್ಯೇತರ ಚಟುವಟಿಕೆಯಲ್ಲಿ ಮುಂದಿರುವವರನ್ನು ನೋಡಿ ಅವನನ್ನು ನೇಮಿಸುತ್ತಾರೆ. ಅಧ್ಯಾಪಕರಿಗೆ ಎರಡು ವರ್ಷದ ಅವಧಿ, ವಿದ್ಯಾರ್ಥಿಗೆ ಒಂದೇ ವರ್ಷ. ಸಭೆಯ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಮೂರು, ಆ ಮೂವರಲ್ಲಿ ವಿಶೇಷ ಆಹ್ವಾನಿತ ಲೆಕ್ಕಕ್ಕಿಲ್ಲ. ನೀನು ಹೋದರೂ ಸಭೆ ನಡೆಯುತ್ತದೆ, ಹೋಗದಿದ್ದರೂ ನಡೆಯುತ್ತದೆ. ನಿನ್ನ ಉತ್ಸಾಹ ತಗ್ಗಿಸಬೇಕೆಂದು ಇದನ್ನು ಹೇಳುತ್ತಿಲ್ಲ. ಆ ಕುರ್ಚಿಯಿಂದ ನಿನಗೆ ಬಲ ಬರುವುದಿಲ್ಲ, ಬಲವನ್ನು ನೀನೇ ಬೇರೆ ಕಡೆಯಿಂದ ತಂದುಕೊಳ್ಳಬೇಕು ಎನ್ನುವುದು ಮೊದಲ ದಿನವೇ ಗೊತ್ತಿರಲಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ನಿನ್ನನ್ನು ಆರಿಸಿದ್ದು ನೀನು ಮೊದಲ ಸೆಮಿಸ್ಟರಿನಿಂದಲೂ ತರಗತಿಗೆ ಮೊದಲಿಗನಾಗಿರುವುದಕ್ಕೆ. ಒಮ್ಮೆಯೂ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದವನಲ್ಲ ನೀನು. ಉಳಿದ ವಿಷಯ ಕಟ್ಟಿಕೊಂಡು ಮುಂದಿನ ವರ್ಷದ ಫೀಸು ಹೊಂದಿಸಿದವನಲ್ಲ. ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ‘ನಾಳೆ ಬಾ’ ಅನ್ನಿಸಿಕೊಂಡು ನಿಂತವನೂ ಅಲ್ಲ. ಕುಂದುಕೊರತೆ ಹೆಚ್ಚು ಇರುವುದೇ ಆ ಸಾಲಿನಲ್ಲಿ ನಿಂತವರಿಗೆ. ಅವರ ಮಾತು ಹೇಳುವುದಕ್ಕೆ ವ್ಯವಸ್ಥೆ ಆರಿಸುವುದು ಆ ಸಾಲು ಕಾಣದವರನ್ನೇ. ಈ ಏರ್ಪಾಟು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಒಂದು ಘಟನೆ ಹೇಳುತ್ತೇನೆ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಹೋದ ವರ್ಷ ಎರಡನೇ ವರ್ಷದ ಬಿಎ ಮಕ್ಕಳು ತಮ್ಮ ತೊಂದರೆಗಳ ಪಟ್ಟಿ ಮಾಡಲು ಕೂತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಕೇಳುತ್ತಿದ್ದೆ. ವೈಫೈ, ಕುಡಿಯುವ ನೀರು, ಕ್ರೀಡಾ ಸಾಮಗ್ರಿ, ಎಲ್ಲ ಪಟ್ಟಿಯಲ್ಲೂ ಇರುವುದೇ ಇಲ್ಲೂ ಬಂತು. ಗೋಡೆಯ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. “ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿಗೆ ದುಡ್ಡು ಕಟ್ಟಿದೆ ಸರ್. ಅದು ಕೈಗೆ ಬರೋ ಹೊತ್ತಿಗೆ ಮರುಮೌಲ್ಯಮಾಪನದ ಕೊನೇ ದಿನ ಮುಗಿದಿತ್ತು. ಎರಡಕ್ಕೂ ಒಟ್ಟಿಗೇ ಕಟ್ಟಬೇಕಿತ್ತಂತೆ. ನೋಡದೆ ಹೇಗೆ ಕಟ್ಟೋದು?” ಅಂದಳು. ಕೋಣೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಎಲ್ಲ ಕಡೆಯಿಂದಲೂ ‘ನಂದೂ ಹಂಗೇ ಆಯ್ತು’ ಎಂಬ ದನಿಗಳು. ಎರಡು ದಿನಾಂಕಗಳ ನಡುವೆ ಒಂದು ವಾರ ಅಂತರ ಬಿಟ್ಟರೆ ಬಗೆಹರಿಯುವ ಸಮಸ್ಯೆ ಅದು, ಒಂದು ಪೈಸೆ ಖರ್ಚಿಲ್ಲ. ಆದರೂ ಅದುವರೆಗೆ ಯಾವ ಮನವಿಯಲ್ಲೂ ಅದು ಬಂದಿರಲಿಲ್ಲ. ಮನವಿ ಬರೆಯುತ್ತಿದ್ದವರು ಯಾರೂ ಫೇಲಾದವರಲ್ಲ.

ಆದ್ದರಿಂದ ನೀನು ಮಾಡಬೇಕಾದ ಮೊದಲ ಕೆಲಸ, ಕುಲಪತಿಗಳ ಮುಂದೆ ಕೂರುವ ಮುಂಚೆ ಹುಡುಗರ ಮುಂದೆ ಕೂರುವುದು. ಪ್ರತಿ ವಿಭಾಗದಲ್ಲೂ ಒಂದು ಸಭೆ ಮಾಡು. ನಿನ್ನನ್ನು ನೇಮಿಸಿದ್ದು ಮೇಲಿನವರು, ಆಗಲಿ. ಆದರೆ ಪ್ರತಿ ತರಗತಿಯೂ ತನಗೆ ಬೇಕಾದ ಇಬ್ಬರನ್ನು, ಒಬ್ಬ ಹುಡುಗಿ ಒಬ್ಬ ಹುಡುಗ, ಕೈ ಎತ್ತಿಯೋ ಚೀಟಿ ಹಾಕಿಯೋ ಆರಿಸಿ ನಿನ್ನ ಜೊತೆ ಕಳಿಸಲಿ, ಯಾವ ನಿಯಮವೂ ಅಡ್ಡ ಬರುವುದಿಲ್ಲ. ಹಾಸ್ಟೆಲಿನವರ ದನಿ ಯಾವಾಗಲೂ ಜೋರು, ಅವರು ಅಲ್ಲೇ ಇರುತ್ತಾರೆ. ನಾಲ್ಕು ಗಂಟೆಗೆ ಬಸ್ ಹಿಡಿಯಲು ಓಡುವವರನ್ನು ಮರೆಯಬೇಡ, ಅವರಿಗಾಗಿ ಮಧ್ಯಾಹ್ನದ ಊಟದ ಬಿಡುವಿನಲ್ಲೇ ಸಭೆ ಇಡು. ಸಂಜೆ ಗ್ರಂಥಾಲಯ ತೆರೆದಿದ್ದರೂ ಹಾಸ್ಟೆಲ್ ಗೇಟು ಹಾಕುತ್ತಾರೆಂದು ಎದ್ದು ಹೋಗುವ ಹೆಣ್ಣುಮಕ್ಕಳನ್ನು ಕೇಳು.

ಎರಡನೆಯದು, ಯಾವ ಪ್ರಶ್ನೆ ಯಾರಿಗೆ ಅನ್ನುವುದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಬ್ಬರು ಕುಲಸಚಿವರಿರುತ್ತಾರೆ, ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಮೌಲ್ಯಮಾಪನಕ್ಕೆ. ಅಂಕಪಟ್ಟಿ, ಫಲಿತಾಂಶ, ಆ ಹುಡುಗಿಯ ಜೆರಾಕ್ಸ್ ಪ್ರತಿ, ಎಲ್ಲ ಮೌಲ್ಯಮಾಪನ ಕುಲಸಚಿವರದು. ಹಣದ ಕಡತ ಹಣಕಾಸು ಅಧಿಕಾರಿಯ ಮೇಜಿನ ಮೇಲಿರುತ್ತದೆ. ಖಾಲಿ ಬಿದ್ದ ಬೋಧಕ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು, ಅದನ್ನು ಕುಲಪತಿಗಳ ಮುಂದೆ ಕೂಗಿ ಹೇಳಿದರೆ ‘ಬರೆದಿದ್ದೇವೆ’ ಅನ್ನುತ್ತಾರೆ, ಅಷ್ಟೇ. ಅದರ ಬದಲು ಯಾವತ್ತು ಬರೆದಿರಿ, ಏನು ಉತ್ತರ ಬಂತು, ಪ್ರತಿ ಕೊಡಿ ಎಂದು ವಿನಯವಾಗಿ ಕೇಳು. ಅವರ ಕೈಯಲ್ಲಿ ಇರುವುದನ್ನು ಕೇಳಿದಾಗ ಮಾತ್ರ ಅವರು ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ.

ಸಂವಾದ ಎಂಬ ಹೆಸರಿನಲ್ಲಿ ಏನು ನಡೆಯುತ್ತದೆಂದು ನಿನಗೂ ಗೊತ್ತು. ಪ್ರಾರ್ಥನೆ, ಸ್ವಾಗತ, ಹೂಗುಚ್ಛ, ಪ್ರಾಸ್ತಾವಿಕ ನುಡಿ, ನಡುವೆ ವೇದಿಕೆಯ ಮೇಲಿನ ಎಲ್ಲರಿಗೂ ಶಾಲು. ಕುಲಪತಿಗಳು ಮುಕ್ಕಾಲು ಗಂಟೆ ಮಾತನಾಡಿದ ಮೇಲೆ ‘ಸಮಯದ ಅಭಾವದಿಂದ ಮೂರು ಪ್ರಶ್ನೆ ಮಾತ್ರ’. ಅದಕ್ಕೇ ಪ್ರಶ್ನೆಗಳನ್ನು ಒಂದು ವಾರ ಮುಂಚೆ ಬರಹದಲ್ಲಿ ಕೊಡು. ಟಪಾಲು ವಿಭಾಗದಲ್ಲಿ ಕೊಟ್ಟು ನಿನ್ನ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರು ಹಾಕಿಸಿಕೊಂಡು ಬಾ. ಸಭೆ ಮುಗಿದ ಮೇಲೆ ನಡಾವಳಿ ಕೇಳು. ಯಾವ ವಿಷಯ, ಯಾರು ಹೊಣೆ, ಎಷ್ಟರೊಳಗೆ, ಇವು ಬರಹದಲ್ಲಿ ಇರಲಿ. ಅವರು ಬರೆಯದಿದ್ದರೆ ನೀನೇ ಬರೆದು, ‘ಸಭೆಯಲ್ಲಿ ತಾವು ತಿಳಿಸಿದಂತೆ’ ಎಂದು ಶುರುಮಾಡಿ, ಕಳಿಸು. ಅಂಥ ಪತ್ರಕ್ಕೆ ಕಚೇರಿಯಲ್ಲಿ ಬಹಳ ತೂಕ ಇರುತ್ತದೆ.

ಸಮಿತಿಗೂ ಗಡುವು ಇದೆ, ಇದನ್ನು ಹುಡುಗರಿಗೆ ಹೇಳು. ದೂರು ಬಂದ 15 ಕೆಲಸದ ದಿನಗಳಲ್ಲಿ ಸಮಿತಿ ಶಿಫಾರಸಿನ ಸಮೇತ ವರದಿ ಕೊಡಬೇಕು. ತೃಪ್ತಿಯಾಗದವರು, ಇಂಥ ದೂರುಗಳನ್ನು ಮತ್ತೆ ವಿಚಾರಿಸುವ ಸ್ವತಂತ್ರ ಅಧಿಕಾರಿಯಾದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಆ ಹುದ್ದೆಗೆ ನಿವೃತ್ತ ಕುಲಪತಿಯೋ ನಿವೃತ್ತ ಪ್ರಾಧ್ಯಾಪಕರೋ ಜಿಲ್ಲಾ ನ್ಯಾಯಾಧೀಶರಾಗಿದ್ದವರೋ ಬರುತ್ತಾರೆ. ನಿಮ್ಮಲ್ಲಿ ಅವರು ಯಾರು ಎಂದು ನೋಟಿಸ್ ಬೋರ್ಡಿನಲ್ಲಿ ಇದೆಯಾ? ಇಲ್ಲದಿದ್ದರೆ ನಿನ್ನ ಮೊದಲ ಪ್ರಶ್ನೆ ಅದೇ ಆಗಲಿ.

‘ನಮ್ಮ ಕ್ಯಾಂಪಸ್ಸಿನಲ್ಲಿ ಚುನಾವಣೆಗೆ ಅವಕಾಶವೇ ಇಲ್ಲವಲ್ಲ’ ಅಂದೆ ನೀನು. ಪೂರ್ತಿ ನಿಜವಲ್ಲ ಕಣೋ. ಲೈಂಗಿಕ ಕಿರುಕುಳ ತಡೆಗೆ ಯುಜಿಸಿ 2015ರಲ್ಲಿ ಮಾಡಿದ ನಿಯಮ ತೆಗೆದು ಓದು. ಆಂತರಿಕ ದೂರು ಸಮಿತಿಯಲ್ಲಿ, ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ, ಮೂವರು ವಿದ್ಯಾರ್ಥಿಗಳಿರಬೇಕು. ಪದವಿ, ಸ್ನಾತಕೋತ್ತರ, ಸಂಶೋಧನೆ, ಒಂದೊಂದು ಹಂತದಿಂದ ಒಬ್ಬೊಬ್ಬರು. ಅವರು ಪಾರದರ್ಶಕವಾದ ಪ್ರಜಾಸತ್ತಾತ್ಮಕ ವಿಧಾನದಲ್ಲಿ ಚುನಾಯಿತರಾಗಿರಬೇಕು ಎಂದೇ ಅದರಲ್ಲಿದೆ, ನಾಮನಿರ್ದೇಶಿತರು ಎಂದಲ್ಲ. ಯಾವ ಪಕ್ಷದ ಬಾವುಟವೂ ಇಲ್ಲದೆ, ಮೂರೇ ಸ್ಥಾನಕ್ಕೆ, ಒಂದೇ ದಿನದಲ್ಲಿ ಮುಗಿಯುವ ಚುನಾವಣೆ. ಅದನ್ನು ನಡೆಸಿ ಎಂದು ಕೇಳುವುದರಲ್ಲಿ ಯಾರ ಮೇಲೂ ಯುದ್ಧ ಸಾರಿದ ಹಾಗಾಗುವುದಿಲ್ಲ. ಹೆಣ್ಣುಮಕ್ಕಳಿಗೆ ಇದರ ಅಗತ್ಯ ಎಷ್ಟೆಂದು ಹೇಳಬೇಕಾಗಿಲ್ಲ.

ವಿದ್ಯಾರ್ಥಿ ಸಂಘದ ಚುನಾವಣೆಯ ಮಾತು ದೊಡ್ಡದು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಅವು ನಿಂತಾಗ ಕಾರಣವಿಲ್ಲದೆ ನಿಲ್ಲಲಿಲ್ಲ. ಕ್ಯಾಂಪಸ್ಸಿನ ಹೊಡೆದಾಟ ಕಂಡವರು ನಮ್ಮ ಮನೆಗಳಲ್ಲೇ ಇದ್ದಾರೆ. ಸೈಕಲ್ ಚೈನು, ಹಾಕಿ ಸ್ಟಿಕ್ಕು, ಜಾತಿ ಹಿಡಿದು ಕಟ್ಟಿದ ಗುಂಪುಗಳು, ಹೊರಗಿನಿಂದ ಬರುತ್ತಿದ್ದ ದುಡ್ಡು, ಇವನ್ನೆಲ್ಲ ನನ್ನ ದೊಡ್ಡಪ್ಪ ಇವತ್ತಿಗೂ ಹೇಳುತ್ತಾರೆ. ಆ ಭಯವನ್ನು ತಳ್ಳಿಹಾಕಬಾರದು. ಆದರೆ ಭಯಕ್ಕೆ ಉತ್ತರ ಹುಡುಕಿದವರೂ ಇದ್ದಾರೆ. ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾಗಿ, ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅಧ್ಯಕ್ಷರಾಗಿದ್ದ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ದಾಟುವಂತಿಲ್ಲ, ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಬರಹದ್ದು ಮಾತ್ರ. ಹಾಜರಿ 75 ಪ್ರತಿಶತ ಇರಬೇಕು. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲ 10 ದಿನದಲ್ಲಿ ಮುಗಿಯಬೇಕು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೋರ್ಟ್ ಈ ಶಿಫಾರಸುಗಳನ್ನು ಜಾರಿಗೆ ತರಲು ಹೇಳಿತು.

ಅದೇ ವರದಿಯಲ್ಲಿ ಜನ ಅಷ್ಟಾಗಿ ಗಮನಿಸದ ಒಂದು ಭಾಗವಿದೆ. ನಾಮನಿರ್ದೇಶನ ತಾತ್ಕಾಲಿಕ ವ್ಯವಸ್ಥೆ ಮಾತ್ರ, ಅದರಲ್ಲಿ ಹಲವು ದೋಷಗಳಿವೆ, ಎಲ್ಲ ಸಂಸ್ಥೆಗಳೂ ಐದು ವರ್ಷಗಳಲ್ಲಿ ಚುನಾವಣೆಗೆ ಬದಲಾಗಬೇಕು ಎನ್ನುತ್ತದೆ. ನಾಮನಿರ್ದೇಶನ ಮಾಡಲೇಬೇಕಾದರೂ ಬರೀ ಅಂಕ ನೋಡಿ ಮಾಡಬೇಡಿ ಎಂಬ ಸಲಹೆಯೂ ಇದೆ. ಆ ಐದು ವರ್ಷ 2011ಕ್ಕೇ ಮುಗಿದವು.

ಹುಡುಗರಿಗೆ ಆಡಳಿತ ಏನು ಗೊತ್ತು ಎನ್ನುವವರು ಸಿಗುತ್ತಾರೆ. ಮಲ್ಲಿಕಾರ್ಜುನ ಖರ್ಗೆ ಅವರು ಕಲಬುರಗಿಯ ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿಯಾಗಿ ಆಯ್ಕೆಯಾದವರು. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸುವ ರೆಕ್ಟರ್ ಹುದ್ದೆಗೆ ಮತದಾನವೇ ಇದೆ. 1972ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ತಮ್ಮಲ್ಲೇ ಒಬ್ಬನನ್ನು ಗೆಲ್ಲಿಸಿದರು, ಗಾರ್ಡನ್ ಬ್ರೌನ್ ಎಂಬ ಇಪ್ಪತ್ತೊಂದರ ಹುಡುಗ. 2007ರಲ್ಲಿ ಅವರು ಬ್ರಿಟನ್ನಿನ ಪ್ರಧಾನಿಯಾದರು. ಎಲ್ಲರೂ ಪ್ರಧಾನಿಯಾಗಬೇಕಿಲ್ಲ. ಗೋಡೆಯ ಪಕ್ಕ ಕೂತಿದ್ದ ಆ ಹುಡುಗಿ ತನ್ನ ತರಗತಿಯ ಪ್ರತಿನಿಧಿಯಾದರೂ ಆಗಲಿ ಎನ್ನುವುದು ನನ್ನ ಆಸೆ.

ನಿನಗೆ ಒಂದು ವರ್ಷ ಇದೆ, ಪರೀಕ್ಷೆ ರಜೆ ಕಳೆದರೆ ಅದೂ ಇಲ್ಲ. ಈ ವಾರವೇ ಎರಡು ವಿಭಾಗಗಳಲ್ಲಾದರೂ ಸಭೆ ಮುಗಿಸು. ಸಭೆಗೆ ಹೋಗುವಾಗ ನೋಟ್‌ಬುಕ್ ಒಯ್ಯಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೋ. ಪ್ರಶ್ನೆಗಳ ಕರಡು ಮಾಡಿ ನನಗೆ ಕಳಿಸು, ಭಾನುವಾರ ನನಗೆ ಪಾಠ ಇರುವುದಿಲ್ಲ, ಕೂತು ತಿದ್ದಿ ಕೊಡುತ್ತೇನೆ. 2015ರ ಮತ್ತು 2023ರ ನಿಯಮಗಳೆರಡನ್ನೂ ನಿನಗೆ ಕಳಿಸುತ್ತಿದ್ದೇನೆ, ಪ್ರಿಂಟು ತೆಗೆಸಿ ಇಟ್ಟುಕೋ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ