ವೈವಾ ಮುಗೀತು. ಕಾಕಾ, ಇದು ನಿಮಗೆ

ಮಂಗಳವಾರ ನನ್ನ ಪಿಎಚ್‌ಡಿ ವೈವಾ (ಥೀಸಿಸ್‌ನ ಮೌಖಿಕ ಪರೀಕ್ಷೆ) ಮುಗಿಯಿತು. ಐದು ವರ್ಷದ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳಲ್ಲ. ಗೈಡ್ ಸರ್, ಲ್ಯಾಬಿನ ಗೆಳತಿಯರು, ಟಿಳಕವಾಡಿಯ ಮನೆ ಓನರ್ ಆಂಟಿ, ರೊಟ್ಟಿ ಕಟ್ಟಿ ಕಳಿಸಿದ ವೈನಿ, ಎಲ್ಲರಿಗೂ ಥ್ಯಾಂಕ್ಸ್.

ಉಳಿದದ್ದೆಲ್ಲ ನಮ್ಮ ವಾಚ್‌ಮನ್ ಕಾಕಾಗೆ.

ಜುಲೈ ತಿಂಗಳು, ಬೆಳಗಾವಿಯ ಮಳೆ. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಯಿತು, ಜನರೇಟರೂ ಕೈಕೊಟ್ಟಿತು. ಉಳಿದಿದ್ದ ಕೊನೇ ಹನಿ ಆಂಟಿಬಾಡಿ (ಬೇಕಾದ ಪ್ರೋಟೀನನ್ನೇ ಗುರುತಿಸಿ ಹಿಡಿಯುವ ಪ್ರೋಟೀನು) ಹಾಕಿದ ಟ್ಯೂಬುಗಳು ಬೆಳಗಿನವರೆಗೆ 4 ಡಿಗ್ರಿಯಲ್ಲಿ ತಿರುಗುತ್ತಿರಬೇಕಿತ್ತು. ಕಾಕಾ ಐಸ್‌ಕ್ಯಾಂಡಿ ಮಾಡುವವರ ಬಾಗಿಲು ಬಡಿದು, ಗೋಣಿಚೀಲದಲ್ಲಿ ಐಸ್ ಹೊತ್ತು ತಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಟ್ಯೂಬುಗಳನ್ನು ಆಗಾಗ ಮೇಲೆ ಕೆಳಗೆ ಮಾಡದಿದ್ದರೆ ಆಂಟಿಬಾಡಿ ಅಂಟಿಕೊಳ್ಳುವ ಒಳಗಿನ ಪುಟ್ಟ ಮಣಿಗಳು ತಳಕ್ಕೆ ಕೂರುತ್ತವೆ. ಇಬ್ಬರೂ ಸರದಿ ಹಾಕಿಕೊಂಡೆವು. (ಗ್ಲೌಸ್ ಹಾಕಿಸಿದ್ದೆ, ಗಾಬರಿ ಬೇಡ.)

"ಇದರಾಗ ಏನೈತವಾ?"

ಹರ್ಪಿಸ್ ವೈರಸ್ಸಿನ ಡಿಎನ್‌ಎ ಅಂದೆ. ಸುಮಾರು 1,52,000 ಅಕ್ಷರ ಉದ್ದ. ನಮ್ಮ ಡಿಎನ್‌ಎ ಹಿಸ್ಟೋನ್ ಅನ್ನುವ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ, ವೈರಸ್ಸಿನ ಚಿಪ್ಪಿನೊಳಗೆ ಅದರ ಡಿಎನ್‌ಎ ಹಾಗಿರುವುದಿಲ್ಲ. ನಮ್ಮ ಜೀವಕೋಶಕ್ಕೆ ನುಗ್ಗಿದ ಮೇಲೆ ಅದೂ ನಮ್ಮದೇ ಹಿಸ್ಟೋನಿಗೆ ಸುತ್ತಿಕೊಳ್ಳುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಜೀನು ಸುಮ್ಮನಿರುತ್ತದೆ. ಡಿಎನ್‌ಎ, ಹಿಸ್ಟೋನ್ ಎರಡನ್ನೂ ಫಾರ್ಮಾಲ್ಡಿಹೈಡ್‌ನಿಂದ ಇದ್ದಲ್ಲೇ ಅಂಟಿಸಿ ತುಂಡು ಮಾಡುತ್ತೇವೆ. ಬಿಗಿ ಸುತ್ತಿನ ಗುರುತಿರುವ ಹಿಸ್ಟೋನನ್ನು ಆಂಟಿಬಾಡಿ ಹಿಡಿದೆಳೆದರೆ ಡಿಎನ್‌ಎ ತುಂಡೂ ಜೊತೆಗೇ ಬರುತ್ತದೆ. ಯಾವ ತುಂಡು ಅಂತ ಪಿಸಿಆರ್ (ಡಿಎನ್‌ಎ ತುಂಡಿನ ನಕಲು ಹೆಚ್ಚಿಸುವ ವಿಧಾನ) ಮಾಡಿ ನೋಡುತ್ತೇವೆ.

"ಹಂಗಾರ ಪಾತಾಳಗರಡಿ ಅನ್ನು. ಬಾವ್ಯಾಗ ಬಿಟ್ಟು ಕೊಡಾ ತಗದಂಗ." ಸ್ವಲ್ಪ ಹೊತ್ತು ಬಿಟ್ಟು, "ಮಂದಿ ಕೊಡಾ ಸಿಕ್ಕರ?"

ಮಂಗಳವಾರ ಪರೀಕ್ಷಕರು ಕೇಳಿದ್ದೂ ಇದನ್ನೇ! ಅದಕ್ಕೇ ಒಂದು ಟ್ಯೂಬಿಗೆ ಇಂಥದ್ದೇ ಅಂತ ಹುಡುಕದ ಬರೀ ಐಜಿಜಿ ಆಂಟಿಬಾಡಿ ಹಾಕಿರುತ್ತೇವೆ. ಅದರಲ್ಲೂ ಅಷ್ಟೇ ಡಿಎನ್‌ಎ ಬಂದರೆ ನಮ್ಮ ಫಲಿತಾಂಶ ಕಸದ ಬುಟ್ಟಿಗೆ.

ಮೂರು ಗಂಟೆಗೆ ಅತ್ತುಬಿಟ್ಟೆ. ಟ್ಯೂಬಿಗಾಗಿ ಅಲ್ಲ. ಅಪ್ಪ ಹೋಗಿ ಹತ್ತೊಂಬತ್ತು ದಿನವಾಗಿತ್ತು. ಕರೆಂಟ್ ಹೋಯ್ತು ಅಂತ ಹೇಳಲು ಅವರದೇ ನಂಬರ್ ಒತ್ತಿದ್ದೆ. ಕಾಕಾ ಸಮಾಧಾನ ಮಾಡಲಿಲ್ಲ. ನನ್ನ ಸರದಿಯ ಟ್ಯೂಬುಗಳನ್ನೂ ತಾವೇ ತಗೊಂಡು ತಿರುಗಿಸುತ್ತಾ ಕೂತರು.

ಥೀಸಿಸ್‌ನ ಮುಖ್ಯ ಗ್ರಾಫ್ ಬಂದದ್ದು ಅದೇ ಟ್ಯೂಬುಗಳಿಂದ.

ಕಾಕಾ ನೈಟ್ ಡ್ಯೂಟಿ ಮುಗಿಸಿ ಮಲಗಿದ್ದರು, ವೈವಾಗೆ ಬರಲಾಗಲಿಲ್ಲ. ಸಂಜೆ ಕುಂದಾ ಒಯ್ದರೆ, ಶುಗರ್ ಅಂತ ಮೊಮ್ಮಗಳಿಗೆ ಎತ್ತಿಟ್ಟರು. ಇದನ್ನು ಓದಿ ಹೇಳುವವಳೂ ಅವಳೇ. ಪುಟ್ಟಿ, ಅಜ್ಜಗ ಹೇಳವಾ, ಸಿಕ್ಕಿದ ಕೊಡಾ ನಮ್ದ ಐತಿ ಅಂತ.